ಪದದ ನೆತ್ತಿಯ ಮೇಲಿನ ರಾಗ

ಯಕ್ಷಗಾನದ ಯಾವ ಪ್ರಸಂಗ ಪುಸ್ತಕ ತೆರೆದರೂ ಪ್ರತಿ ಪದದ ನೆತ್ತಿಯ ಮೇಲೆ ರಾಗ, ತಾಳದ ಹೆಸರು ಇರುತ್ತದೆ. ರಾಗ ಭೈರವಿ, ಝಂಪೆತಾಳ. ರಾಗ ಸೌರಾಷ್ಟ್ರ, ತ್ರಿವುಡೆತಾಳ. ಬಡಗುತಿಟ್ಟಿನ ಪದಗಳನ್ನು ಸ್ವರಲಿಪಿಗೆ ಇಳಿಸುವ ಮಾತು ಬಂದಾಗಲೆಲ್ಲ ಕುಂದಾಪುರದಿಂದ ಬ್ರಹ್ಮಾವರದವರೆಗೆ ಒಂದೇ ಅಭಿಪ್ರಾಯ ಕೇಳುತ್ತದೆ: ಭೈರವಿ ಎಂದಿದ್ದರೆ ಕರ್ನಾಟಕ ಸಂಗೀತದ ಭೈರವಿಯ ಆರೋಹಣ ಅವರೋಹಣವನ್ನೇ ಮೇಲೆ ಬರೆಯಬೇಕು, ಭಾಗವತರು ಅದನ್ನು ಮೀರಿ ಹಾಡಿದ್ದರೆ ತಿದ್ದಿ ಬರೆಯಬೇಕು. ಹೀಗೆ ಹೇಳುವವರು ಬಲ್ಲವರು, ಅವರ ಕಾಳಜಿಯೂ ನಿಜವಾದದ್ದೇ. ಆದರೂ ಈ ಕ್ರಮ ಯಕ್ಷಗಾನಕ್ಕೆ ಹೊಂದುವುದಿಲ್ಲ. ಸಂಗೀತಕ್ಕೂ ಹೊಂದುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಮೊದಲು ಸಂಗೀತದ ಲೆಕ್ಕವನ್ನೇ ನೋಡೋಣ. ಭೈರವಿ 20ನೇ ಮೇಳವಾದ ನಠಭೈರವಿಯ ಜನ್ಯ. ಆ ಮೇಳದಲ್ಲಿರುವುದು ಶುದ್ಧ ಧೈವತ. ಭೈರವಿಯಲ್ಲಿ ಶುದ್ಧ ಧೈವತ ಇಳಿಯುವಾಗ ಬರುತ್ತದೆ, ಏರುವಾಗ ಬರುವುದು ಚತುಃಶ್ರುತಿ ಧೈವತ. ವಯಲಿನ್ನಿನವರಿಗೋ ಕೀಬೋರ್ಡಿನವರಿಗೋ ಪಾಶ್ಚಾತ್ಯ ಲಿಪಿಯಲ್ಲಿ ಬರೆದುಕೊಡಬೇಕಾಗಿದೆ ಎನ್ನಿ. ಷಡ್ಜವನ್ನು ‘ಸಿ’ ಎಂದಿಟ್ಟುಕೊಂಡರೆ ಕೀ ಸಿಗ್ನೇಚರಿನಲ್ಲಿ ಎಷ್ಟು ಫ್ಲ್ಯಾಟ್ ಹಾಕುತ್ತೀರಿ? ಮೂರು ಹಾಕಿದರೆ ಓದುವವರ ಕಣ್ಣಿಗೆ ಅದು ಸಿ ಮೈನರ್. ಏರುವ ಧೈವತ ಬಂದಲ್ಲೆಲ್ಲ ನ್ಯಾಚುರಲ್ ಗುರುತು ಹಾಕುತ್ತ ಹೋಗಬೇಕು. ಎರಡೇ ಹಾಕಿದರೆ ಮೇಳ 22ಕ್ಕೆ, ಖರಹರಪ್ರಿಯಕ್ಕೆ ಜಾರುತ್ತದೆ. ಓದುವವರು ಬಿ ಫ್ಲ್ಯಾಟ್ ಮೇಜರ್ ಎಂದು ತಿಳಿದು ಬೇರೆಲ್ಲೋ ನೆಲೆ ಹುಡುಕಿದರೂ ಆಶ್ಚರ್ಯವಿಲ್ಲ. ಎಲ್ಲರೂ ಒಪ್ಪುವ ಭೈರವಿಯ ಪಾಡೇ ಇದು. ಇನ್ನು ಹಳೆಯ ಪ್ರಸಂಗಗಳಲ್ಲಿ ಸಿಗುವ ಮೆಚ್ಚಾಳಿ, ಗೋಪನೀತೆಗಳಿಗೆ 72 ಮೇಳಗಳಲ್ಲಿ ಯಾವುದನ್ನು ಹಚ್ಚುತ್ತೀರಿ? 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚುಹಾಕಿಸಿದ ಸುಬ್ಬರಾಮ ದೀಕ್ಷಿತರು ಗಮಕಗಳಿಗೆಂದೇ ಬೇರೆ ಚಿಹ್ನೆಗಳನ್ನು ಕೊಟ್ಟರು. ರಾಗದ ಹೆಸರು, ಮೇಳದ ಸಂಖ್ಯೆ ಸಾಕು ಎಂದು ಅವರಿಗೆ ಅನ್ನಿಸಿರಲಿಲ್ಲ.

ಯಕ್ಷಗಾನದ ತೊಡಕು ಇದಕ್ಕಿಂತ ಆಳದ್ದು. ಪದದ ಮೇಲಿನ ಆ ಸಾಲು ಸ್ವರಗಳ ಪಟ್ಟಿಯೆಂದು ನಾವು ನಂಬಿದ್ದೇವೆ. ಭಾಗವತರು ಅದನ್ನು ಹಾಗೆ ಓದುವುದೇ ಇಲ್ಲ. ಅವರು ಮೊದಲು ಹಿಡಿಯುವುದು ಮಟ್ಟನ್ನು: ಸಾಲು ಎಲ್ಲಿ ಮುರಿಯುತ್ತದೆ, ಎಷ್ಟು ಮಾತ್ರೆಗೆ ತಾಳ ಬೀಳುತ್ತದೆ, ಎತ್ತುಗಡೆ ಎಲ್ಲಿಂದ. ಮಟ್ಟು ಸಿಕ್ಕಿದ ಮೇಲೆ ರಾಗ ಅವರ ಕೈಯಲ್ಲಿದೆ. ಒಂದೇ ಪದವನ್ನು ಒಬ್ಬರು ಕಾಂಬೋಧಿಯಲ್ಲಿ ಹಾಡಿಯಾರು, ಇನ್ನೊಬ್ಬರು ಮೋಹನದಲ್ಲಿ. ರಂಗದ ಮೇಲಿನ ವೇಷ, ರಸ, ರಾತ್ರಿಯ ಹೊತ್ತು ನೋಡಿ ಬದಲಿಸುವುದೂ ಉಂಟು. ತಾಳ ಮಾತ್ರ ಸುಲಭಕ್ಕೆ ಕದಲುವುದಿಲ್ಲ.

ಯುದ್ಧದ ಒಂದು ಪದವನ್ನು ಗಮನವಿಟ್ಟು ಕೇಳಿ. ಏರು ಶ್ರುತಿಯ ಭಾಗವತರು ಪಂಚಮದಲ್ಲಿ ಎತ್ತಿ ತಾರಷಡ್ಜಕ್ಕೆ ಹೋಗಿ ಅಲ್ಲೇ ನಿಂತು, ಚಂಡೆಗೆ ಜಾಗ ಬಿಟ್ಟು ಮತ್ತೆ ಪಂಚಮಕ್ಕೆ ಬರುತ್ತಾರೆ. ಕೆಳಗಿನ ರಿಷಭ ಗಾಂಧಾರಗಳ ಸುದ್ದಿಗೇ ಹೋಗದ ಪದಗಳಿವೆ. ಅಂಥ ಪದದ ಮೇಲೆ ಏಳೂ ಸ್ವರಗಳ ಸಿಗ್ನೇಚರ್ ಬರೆದುಕೊಟ್ಟರೆ ಹಿಮ್ಮೇಳಕ್ಕೆ ಹೊಸದಾಗಿ ಬಂದ ವಾದಕ ಭಾಗವತರು ಹಾಡದ ಸ್ವರಗಳನ್ನೂ ತುಂಬುತ್ತಾನೆ. ಆಗ ಕೇಳುವುದು ಭೈರವಿಯೇ ಇರಬಹುದು, ಯಕ್ಷಗಾನದ ಪದ ಅಲ್ಲ. ಕೋಟದ ಶಿವರಾಮ ಕಾರಂತರು ಯಕ್ಷಗಾನಕ್ಕೆ ತನ್ನದೇ ಗಾನಕ್ರಮವಿದೆ ಎಂದು ವಾದಿಸಿದರು, ಮುಂದೆ ತಮ್ಮ ತಂಡ ‘ಯಕ್ಷರಂಗ’ದಲ್ಲಿ ವಯಲಿನ್, ಸ್ಯಾಕ್ಸೋಫೋನ್‌ಗಳನ್ನೂ ತಂದರು. ಆ ಪ್ರಯೋಗವನ್ನು ಹೊಗಳಿದವರೂ ಬೈದವರೂ ವಾದ್ಯಗಳ ಬಗ್ಗೆ ಜಗಳವಾಡಿದಷ್ಟು ವಾದಕರ ಮುಂದೆ ಏನನ್ನು ಬರೆದಿಡಬೇಕು ಎಂಬುದರ ಬಗ್ಗೆ ಯೋಚಿಸಲಿಲ್ಲ.

ಇದಕ್ಕೆ ದಾರಿ ಇಲ್ಲದಿಲ್ಲ. ಹಂಗೇರಿಯ ಬೇಲಾ ಬಾರ್ಟೋಕ್ ಹಳ್ಳಿಯ ಹಾಡುಗಳನ್ನು ಬರೆದುಕೊಳ್ಳುವಾಗ ಮೇಜರ್ ಮೈನರ್‌ಗಳ ಸಿದ್ಧ ಸಿಗ್ನೇಚರನ್ನು ಹೇರಲಿಲ್ಲ. ಹಾಡಿನಲ್ಲಿ ಬಂದ ಸ್ವರಕ್ಕೆ ಮಾತ್ರ ಅಲ್ಲಿ ಗುರುತು ಹಾಕಿದ, ನೋಡಲು ಅದು ವಿಚಿತ್ರವಾದರೂ ಸರಿ ಎಂದ. ನಮಗೆ ಬೇಕಾದದ್ದೂ ಇದೇ ಧೈರ್ಯ.

ಎದುರುವಾದ ಗೊತ್ತಿದೆ. ಹಾಗೆ ಬರೆದರೆ ಭಾಗವತರಿಗೊಂದು ಲಿಪಿಯಾಗುತ್ತದೆ, ಕಲಿಯುವ ಮಕ್ಕಳಿಗೆ ಪ್ರಮಾಣ ಎಲ್ಲಿ? ಭಾಗವತರಿಗೊಂದು ಲಿಪಿ ಆಗಲಿ. ನಾರ್ಣಪ್ಪ ಉಪ್ಪೂರರ ಪದವನ್ನೂ ಅವರ ಶಿಷ್ಯ ಗುಂಡ್ಮಿ ಕಾಳಿಂಗ ನಾವಡರ ಪದವನ್ನೂ ಒಂದೇ ಅಚ್ಚಿಗೆ ಎರೆಯುವ ಪ್ರಮಾಣ ಯಾರಿಗೆ ಬೇಕು? ನಾವಡರ ವಿಷಯದಲ್ಲಿ ಒಂದು ಮಾತು ಬಿಟ್ಟುಕೊಡಲೇಬೇಕು. ಸಾಲಿಗ್ರಾಮ ಮೇಳದಲ್ಲಿ ಅವರು ಶಾಸ್ತ್ರೀಯ ರಾಗಗಳನ್ನು ತಿಳಿದೇ ತಂದು ಹಾಡಿದ ಕಡೆ ರಾಗದ ಪೂರ್ಣ ಸಿಗ್ನೇಚರ್ ಹೊಂದುತ್ತದೆ, ಹಾಕಬೇಕು ಕೂಡ. ಅವರ ನಂತರ ಬಂದ ಆ ಹಾದಿಯನ್ನೇ ಅಳತೆಗೋಲು ಮಾಡಿ ಹಿಂದಿನವರ ಪದಗಳನ್ನು ತಿದ್ದುವುದು ಮಾತ್ರ ಅನ್ಯಾಯ. ಲಿಪಿಯೇ ಬೇಡ, ಗುರುಮುಖವೇ ಸಾಕು ಎನ್ನುವವರ ಜೊತೆಗೂ ನಾನಿಲ್ಲ. ಗುರುವಿನ ಎದುರು ವರ್ಷಗಟ್ಟಲೆ ಕೂರಲು ಈಗ ಎಷ್ಟು ಜನಕ್ಕೆ ಬಿಡುವಿದೆ?

ಹಾಗಾಗಿ ಸ್ವರಲಿಪಿ ಸಿದ್ಧಮಾಡುವವರಲ್ಲಿ ಒಂದು ಕೋರಿಕೆ. ಪ್ರಸಂಗದಲ್ಲಿರುವ ರಾಗದ ಹೆಸರನ್ನು ಹೊಡೆದುಹಾಕಬೇಡಿ, ಅದು ಕವಿಯದ್ದು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಯಾವ ಭಾಗವತರು, ಯಾವ ಶ್ರುತಿ, ಯಾವ ಮಟ್ಟು, ಎಲ್ಲಿ ಎತ್ತುಗಡೆ, ಎಲ್ಲಿ ನಿಲುಗಡೆ. ಸಿಗ್ನೇಚರಿನಲ್ಲಿ ಅವರು ನಿಜವಾಗಿ ಹಾಡಿದ ಸ್ವರಗಳಿಗಷ್ಟೇ ಗುರುತು ಇರಲಿ. ಎರಡು ಬಗೆಯಾಗಿ ಬರುವ ಸ್ವರವನ್ನು ಮೇಲೆ ತೀರ್ಮಾನಿಸಬೇಡಿ, ಬಂದಲ್ಲೇ ಗುರುತಿಸಿ.