ಮುಂದಿನ ಎಲೆಗಾಗಿ ಕಾಯುವುದು

ಕಳೆದ ಮಳೆಗಾಲದಲ್ಲಿ ಹಾಸ್ಟೆಲಿನ ಕೋಣೆಯಲ್ಲಿ ಕೂತು ಎರಡು ವಾರ ಪ್ರತಿ ರಾತ್ರಿ ಇಸ್ಪೀಟು ಆಡಿದೆ. ದುಡ್ಡು ಕಟ್ಟಿ ಅಲ್ಲ. ಎದುರಿಗೆ ಯಾರೂ ಇರಲಿಲ್ಲ. ಕಪ್ಪು ಪರದೆಯ ಮೇಲೆ ಅಕ್ಷರಗಳಿಂದಲೇ ಬಿಡಿಸಿದ ಎಲೆಗಳು ಒಂದೊಂದಾಗಿ ಮೂಡುತ್ತಿದ್ದವು. ಆಟದ ಹೆಸರು ಬ್ಯಾಕರಾ. ಅದಿದ್ದದ್ದು ಡಯಲ್‌ಅಪ್ ಕಾಲದ ಒಂದು ಬುಲೆಟಿನ್ ಬೋರ್ಡಿನಲ್ಲಿ. ಇಂಥ ಕೆಲವು ಬೋರ್ಡುಗಳನ್ನು ಹವ್ಯಾಸಿಗಳು ಈಗಲೂ ಇಂಟರ್ನೆಟ್ಟಿನ ಮೂಲಕ ಜೀವಂತವಾಗಿ ಇಟ್ಟುಕೊಂಡಿದ್ದಾರೆ. ಹಳೆಯ ಮೋಡೆಮ್ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಲಿ ಎಂದು ನಾನು ವೇಗವನ್ನು ಸೆಕೆಂಡಿಗೆ 1200 ಬಿಟ್‌ಗೆ ಇಳಿಸಿಕೊಂಡಿದ್ದೆ. ಇದೆಲ್ಲ ಸಂಶೋಧನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪರದೆಯ ಮೇಲಿನ ಆಟವೊಂದನ್ನು ಕೃತಿಯಂತೆ ಓದಲು ಬರುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮೊದಲು ಆ ಲೋಕದ ಬಗ್ಗೆ ಎರಡು ಮಾತು. 1978ರ ಫೆಬ್ರವರಿಯಲ್ಲಿ ಷಿಕಾಗೊದಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸ್ಯೂಸ್ ಎಂಬಿಬ್ಬರು ಮೊದಲ ಬುಲೆಟಿನ್ ಬೋರ್ಡನ್ನು ಶುರುಮಾಡಿದರು. ಆ ಚಳಿಗಾಲದ ಹಿಮಪಾತ ಊರನ್ನೇ ಮನೆಯೊಳಗೆ ಕೂರಿಸಿದ್ದಾಗ ಕಟ್ಟಿದ ವ್ಯವಸ್ಥೆ ಅದು. ಒಂದು ಕಂಪ್ಯೂಟರು, ಒಂದು ಮೋಡೆಮ್, ಒಂದು ಫೋನ್ ಲೈನು. ಯಾರಾದರೂ ಕರೆ ಮಾಡಿ ಒಳಗೆ ಬಂದರೆ, ಅವರು ಹೋಗುವತನಕ ಉಳಿದವರಿಗೆಲ್ಲ ಎಂಗೇಜ್ ಟೋನು. ಮುಂದಿನ ಹದಿನೈದು ವರ್ಷಗಳಲ್ಲಿ ಅಮೆರಿಕದ ತುಂಬ ಇಂಥ ಬೋರ್ಡುಗಳು ಹುಟ್ಟಿದವು. ಅವುಗಳಲ್ಲಿ ಬಹಳಷ್ಟು ಯಾರದೋ ಮನೆಯ ಮೂಲೆಯಲ್ಲಿದ್ದಂಥವು. ಲೈನು ಒಂದೇ ಆದ್ದರಿಂದ ಒಬ್ಬರಿಗೆ ದಿನಕ್ಕೆ ಇಂತಿಷ್ಟೇ ನಿಮಿಷ ಎಂಬ ಕಟ್ಟಳೆ ಸಾಮಾನ್ಯವಾಗಿತ್ತು.

ಬೋರ್ಡಿನೊಳಗಿನ ಆಟಗಳನ್ನು ‘ಡೋರ್’ ಎಂದು ಕರೆಯುತ್ತಿದ್ದರು. ನಿಜವಾಗಿಯೂ ಅದೊಂದು ಬಾಗಿಲೇ. ಬೋರ್ಡಿನ ತಂತ್ರಾಂಶ ಕರೆ ಮಾಡಿದವರನ್ನು ಬೇರೊಂದು ಪ್ರೋಗ್ರಾಮಿಗೆ ದಾಟಿಸುತ್ತಿತ್ತು. ದಾಟಿಸುವಾಗ ಒಂದು ಚಿಕ್ಕ ಕಡತವನ್ನೂ ಕೈಗಿಡುತ್ತಿತ್ತು. ಬಂದವರ ಹೆಸರು, ಅವರಿಗೆ ಉಳಿದಿರುವ ಸಮಯ, ಇನ್ನು ಕೆಲವು ವಿವರ ಅದರಲ್ಲಿರುತ್ತಿತ್ತು. ಆಟಕ್ಕೆ ತನ್ನ ಆಟಗಾರನ ಬಗ್ಗೆ ಗೊತ್ತಿದ್ದದ್ದು ಮುಖ್ಯವಾಗಿ ಇಷ್ಟೇ: ಒಂದು ಹೆಸರು, ಒಂದಷ್ಟು ನಿಮಿಷ. ಕಥೆಯ ನಾಯಕನನ್ನು ಇಷ್ಟು ಕಡಿಮೆಯಲ್ಲಿ ಕಟ್ಟಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಈಗ ಬ್ಯಾಕರಾ. ‘ಪ್ಲೇಯರ್’, ‘ಬ್ಯಾಂಕರ್’ ಎಂದು ಎರಡು ಕೈ. ಎಲೆ ಬೀಳುವ ಮೊದಲೇ ನೀವು ಯಾವುದಾದರೊಂದರ ಮೇಲೆ, ಇಲ್ಲವೇ ಎರಡೂ ಸಮ ಎಂದು ಪಣ ಕಟ್ಟಬೇಕು. ಎರಡೂ ಕಡೆಗೆ ಎರಡೆರಡು ಎಲೆ. ಎಕ್ಕಕ್ಕೆ ಒಂದು, ಹತ್ತು, ಗುಲಾಮ, ರಾಣಿ, ರಾಜನಿಗೆ ಸೊನ್ನೆ, ಉಳಿದವಕ್ಕೆ ಅವುಗಳ ಅಂಕಿಯೇ ಬೆಲೆ. ಕೂಡಿಸಿದಾಗ ಹತ್ತು ದಾಟಿದರೆ ಹತ್ತನ್ನು ಬಿಟ್ಟುಬಿಡಿ: ಏಳು, ಎಂಟು ಬಂದರೆ ಹದಿನೈದಲ್ಲ, ಐದು. ಒಂಬತ್ತಕ್ಕೆ ಹತ್ತಿರವಿದ್ದವರು ಗೆದ್ದಂತೆ. ಯಾವ ಕಡೆಗಾದರೂ ಮೊದಲೆರಡು ಎಲೆಯಲ್ಲೇ ಎಂಟೋ ಒಂಬತ್ತೋ ಬಂದರೆ ಅಲ್ಲಿಗೇ ಆಟ ಮುಗಿಯಿತು. ಇಲ್ಲವಾದರೆ ಐದು ಅಥವಾ ಅದಕ್ಕಿಂತ ಕಡಿಮೆ ಇದ್ದ ಪ್ಲೇಯರ್‌ಗೆ ಮೂರನೆಯ ಎಲೆ. ಬ್ಯಾಂಕರ್ ಮೂರನೆಯದನ್ನು ಎಳೆಯಬೇಕೇ ಬೇಡವೇ ಎಂಬುದಕ್ಕೆ ಒಂದು ಕೋಷ್ಟಕವೇ ಇದೆ. ಉದಾಹರಣೆಗೆ, ಬ್ಯಾಂಕರ್ ಬಳಿ ಮೂರಿದ್ದರೆ, ಪ್ಲೇಯರ್ ಎಳೆದ ಎಲೆ ಎಂಟಾಗಿದ್ದಾಗ ಬಿಟ್ಟು ಬೇರೆಲ್ಲ ಸಂದರ್ಭದಲ್ಲೂ ಎಳೆಯಬೇಕು.

ಮುಖ್ಯ ಸಂಗತಿ ಎಂದರೆ, ಪಣ ಕಟ್ಟಿದ ಮೇಲೆ ನೀವು ಮಾಡುವುದೇನೂ ಇಲ್ಲ. ರಮ್ಮಿಯಂತೆ ಜೋಡಿಸುವುದಿಲ್ಲ, ಯಾವ ಎಲೆ ಬಿಡಲಿ ಎಂದು ಯೋಚಿಸುವುದಿಲ್ಲ. ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಅಂದರ್ ಬಾಹರ್: ಇಷ್ಟು ಮಂದಿ ಸೆರೆ’ ಎಂಬ ಸುದ್ದಿ ಓದಿದವರಿಗೆ ಈ ಸ್ಥಿತಿ ಗೊತ್ತು. ಅಲ್ಲಿಯೂ ಒಳಗೋ ಹೊರಗೋ ಎಂದು ಕಟ್ಟಿ, ನಡುವೆ ತೆರೆದಿಟ್ಟ ಎಲೆಗೆ ಜೋಡಿ ಯಾವ ಕಡೆ ಬೀಳುತ್ತದೆಂದು ನೋಡುತ್ತ ಕೂರುವುದಷ್ಟೇ ಆಟಗಾರನ ಕೆಲಸ. ಆಟ ಎನ್ನುವುದಕ್ಕಿಂತ ಇದನ್ನು ಓದು ಎನ್ನುವುದೇ ಸರಿ. ಪುಟ ಬರೆದಾಗಿದೆ; ನಾವು ಅದನ್ನು ತಿರುಗಿಸಬೇಕು, ಅಷ್ಟೇ.

ಕಾದಂಬರಿಕಾರನಿಗೆ ಇಲ್ಲೊಂದು ತೊಡಕಿದೆ. ಇಯಾನ್ ಫ್ಲೆಮಿಂಗ್ 1953ರಲ್ಲಿ ಪ್ರಕಟಿಸಿದ ‘ಕ್ಯಾಸಿನೊ ರಾಯಲ್’ ಕಾದಂಬರಿಯ ಕೇಂದ್ರದಲ್ಲಿರುವುದು ಬ್ಯಾಕರಾ. ಜೇಮ್ಸ್ ಬಾಂಡ್ ಮೊದಲ ಸಲ ಓದುಗರ ಮುಂದೆ ಬಂದದ್ದು ಈ ಕಾದಂಬರಿಯಲ್ಲಿ. ಅಲ್ಲಿರುವುದು ಆಟದ ಯುರೋಪಿನ ಹಳೆಯ ರೂಪ. ಕೈಯಲ್ಲಿ ಐದು ಇದ್ದಾಗ ಎಳೆಯಲೋ ಬೇಡವೋ ಎಂಬ ಆಯ್ಕೆ ಆಟಗಾರನದು. ಅಷ್ಟೊಂದು ಸಣ್ಣ ಕಿಂಡಿಯಲ್ಲಿ ಫ್ಲೆಮಿಂಗ್ ಮುಖ, ಕೈ, ಬೆವರು ಎಲ್ಲವನ್ನೂ ತೂರಿಸಿದ. 2006ರಲ್ಲಿ ಅದೇ ಹೆಸರಿನ ಸಿನಿಮಾ ಬಂದಾಗ ಬ್ಯಾಕರಾದ ಜಾಗಕ್ಕೆ ಪೋಕರ್ ಬಂತು. ಪೋಕರಿನಲ್ಲಿ ಸುಳ್ಳು ಹೇಳಬಹುದು, ಸುಳ್ಳನ್ನು ಹಿಡಿಯಬಹುದು. ಅಂದರೆ ಪಾತ್ರ ಹುಟ್ಟುತ್ತದೆ. ಬ್ಯಾಕರಾದಲ್ಲಿ ಹುಟ್ಟುವುದು ಫಲಿತಾಂಶ ಮಾತ್ರ.

ಬೋರ್ಡಿನ ಬ್ಯಾಕರಾದಲ್ಲಿ ಮುಖಗಳೂ ಇಲ್ಲ. ಹಾಗಿದ್ದೂ ನಾನು ಎರಡು ವಾರ ಕೂತದ್ದೇಕೆ? ಮೊದಲಿಗೆ ನನಗೆ ಸಿಕ್ಕ ಉತ್ತರ: ನಿಧಾನ. 1200 ಬಿಟ್ ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 120 ಅಕ್ಷರ. 80 ಕಾಲಂ, 24 ಸಾಲಿನ ಪೂರ್ತಿ ಪರದೆ ತುಂಬಲು 16 ಸೆಕೆಂಡು ಬೇಕು. ಒಂದು ಎಲೆ ಮೂಡಲು, ಬಣ್ಣದ ಸಂಕೇತಗಳೂ ಸೇರಿ, ಸುಮಾರು ಒಂದು ಸೆಕೆಂಡು. ಮೇಲಿನ ಗೆರೆ ಬರುತ್ತದೆ, ಆಮೇಲೆ ಮೂಲೆಯ ಅಂಕಿ, ಆಮೇಲೆ ಆಟೀನೋ ಕಳಾವರೋ ಎಂಬ ಗುರುತು. ಕ್ಯಾಸಿನೊಗಳಲ್ಲಿ ಬ್ಯಾಕರಾ ಆಡುವವರು ಎಲೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಬಗ್ಗಿಸುತ್ತ, ಇಷ್ಟಿಷ್ಟೇ ನೋಡುವ ಪದ್ಧತಿಯಿದೆ. ಮಕಾವಿನ ಮೇಜುಗಳಲ್ಲಿ ಅದು ಆಚರಣೆಯೇ ಆಗಿದೆ. ಬಡಪಾಯಿ ಮೋಡೆಮ್ ಆ ಕೆಲಸವನ್ನು ಪುಕ್ಕಟೆ ಮಾಡುತ್ತಿತ್ತು.

ನಾನು ಆಡಿದ ಎರಡು ಬೇರೆ ಬೇರೆ ರೂಪಗಳನ್ನು ಹೋಲಿಸಿದರೆ ಬರೆದವರ ಕಿವಿಯೂ ಗೊತ್ತಾಗುತ್ತದೆ. ಒಂದರಲ್ಲಿ ಮೊದಲು ಮೊತ್ತ ಬಂದು ಆಮೇಲೆ ಎಲೆಗಳ ಚಿತ್ರ ಬರುತ್ತದೆ. ಕಥೆಯ ಕೊನೆಯನ್ನು ಹೇಳಿ ಆಮೇಲೆ ಕಥೆ ಹೇಳಿದಂತೆ. ಇನ್ನೊಂದರಲ್ಲಿ ಪ್ಲೇಯರ್‌ನ ಎಲೆ, ಬ್ಯಾಂಕರ್‌ನ ಎಲೆ, ಮತ್ತೆ ಪ್ಲೇಯರ್, ಮತ್ತೆ ಬ್ಯಾಂಕರ್, ಕೊನೆಗಷ್ಟೇ ಮೊತ್ತ. ನಾಲ್ಕನೆಯ ಎಲೆಯ ಮೂಲೆ ಮೂಡುವ ಹೊತ್ತಿಗೆ ನೀವೇ ಮನಸ್ಸಿನಲ್ಲಿ ಕೂಡಿಸಿ ಮುಗಿಸಿರುತ್ತೀರಿ. ಓದುಗನಿಗೆ ಇಷ್ಟು ಕೆಲಸ ಬಿಟ್ಟುಕೊಟ್ಟದ್ದರಿಂದ ಎರಡನೆಯದು ಒಳ್ಳೆಯ ಕೃತಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ನಿಧಾನದ ಮಹಿಮೆಯನ್ನು ಕೊಂಡಾಡಿ ಮುಗಿಯುತ್ತಿತ್ತು. ಹಳೆಯ ತಂತ್ರಜ್ಞಾನದ ಬಗ್ಗೆ ಬರೆಯುವ ನಮ್ಮ ತಲೆಮಾರಿನವರು ಬೀಳುವ ಹಳ್ಳವೇ ಅದು: ನಾವು ಬದುಕದ ಕಾಲಕ್ಕಾಗಿ ಹಂಬಲಿಸುವುದು. ನನ್ನನ್ನು ತಡೆದದ್ದು ಪಕ್ಕದ ಕೋಣೆಯ ಗೆಳೆಯ. ಅವನೂ ಸಂಶೋಧನಾ ವಿದ್ಯಾರ್ಥಿ, ಮಲೆನಾಡಿನವನು. ಕೆಲ ವರ್ಷಗಳ ಹಿಂದೆ ಮೊಬೈಲಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡಿ ಮೂರು ತಿಂಗಳ ಫೆಲೋಶಿಪ್ ಕಳೆದುಕೊಂಡಿದ್ದ. ಅದನ್ನು ಮನೆಯವರಿಗೆ ಇನ್ನೂ ಹೇಳಿಲ್ಲ. ನನ್ನ ವಾದವನ್ನು ಹುರುಪಿನಿಂದ ವಿವರಿಸಿ, ಲ್ಯಾಪ್‌ಟಾಪನ್ನು ಅವನ ಮುಂದಿಟ್ಟೆ. ಹತ್ತು ಸುತ್ತು ಆಡಿದ. ಆಮೇಲೆ ಪರದೆಯನ್ನು ಮಡಚಿದ.

“ಇದನ್ನ ನನ್ನ ಕಣ್ಣೆದುರು ಇಡ್ಬೇಡ ಮಾರಾಯ,” ಎಂದ. “ನಿಧಾನ ಒಳ್ಳೇದು ಅಂತ ಬರೀತೀಯಲ್ಲ, ನನ್ನನ್ನ ಹಿಡಿದಿದ್ದೇ ಅದು. ಗೆದ್ದದ್ದೂ ನೆನಪಿಲ್ಲ, ಸೋತದ್ದೂ ನೆನಪಿಲ್ಲ. ಎಲೆ ತಿರುಗೋ ಆ ಒಂದು ಕ್ಷಣ ಇದೆಯಲ್ಲ, ಅದಕ್ಕೇ ಆಡ್ತಿದ್ದೆ.”

ಅವತ್ತು ರಾತ್ರಿ ನನ್ನ ಟಿಪ್ಪಣಿಗಳನ್ನು ಮತ್ತೆ ಓದಿದೆ. ಅವನ ಮಾತು ಸರಿಯಿತ್ತು. ಎಲೆಯನ್ನು ಮೆಲ್ಲಗೆ ಬಗ್ಗಿಸಲು ಕ್ಯಾಸಿನೊ ಬಿಡುವುದು ಆಟಗಾರನ ಮೇಲಿನ ಕರುಣೆಯಿಂದಲ್ಲ. ಕಾಯುವ ಸುಖವನ್ನೇ ಅದು ಮಾರುತ್ತದೆ. ಲೆಕ್ಕ ಮಾತ್ರ ಬದಲಾಗುವುದಿಲ್ಲ. ಎಂಟು ಕಟ್ಟು ಎಲೆಗಳ ಆಟದಲ್ಲಿ ಬ್ಯಾಂಕರ್ ಗೆಲ್ಲುವುದು ನೂರಕ್ಕೆ 45.86 ಸಲ, ಪ್ಲೇಯರ್ 44.62 ಸಲ, ಉಳಿದದ್ದು ಸಮ. ಬ್ಯಾಂಕರ್ ಗೆದ್ದಾಗ ನೂರಕ್ಕೆ ಐದು ಕಮಿಷನ್ ಕಳೆದರೆ, ನೂರು ರೂಪಾಯಿಯಂತೆ ನೂರು ಸಲ ಬ್ಯಾಂಕರ್ ಮೇಲೆ ಕಟ್ಟಿದವರು ಸರಾಸರಿ 106 ರೂಪಾಯಿ ಕಳೆದುಕೊಳ್ಳುತ್ತಾರೆ. ಪ್ಲೇಯರ್ ಮೇಲೆ ಕಟ್ಟಿದರೆ 124. ಸಮ ಎಂದು ಒಂದಕ್ಕೆಂಟರಂತೆ ಕಟ್ಟುತ್ತ ಹೋದರೆ 1,436. ಒಂದು ಸುತ್ತಿಗೆ ಇದು ಕಣ್ಣಿಗೆ ಕಾಣದಷ್ಟು ಸಣ್ಣದು. ಸುತ್ತುಗಳಿಗೆ ಕೊನೆಯಿಲ್ಲದಿದ್ದಾಗ ಮಾತ್ರ ಅದು ಮೂರು ತಿಂಗಳ ಫೆಲೋಶಿಪ್ ಆಗುತ್ತದೆ.

ಹಾಗಾದರೆ ಬೋರ್ಡಿಗೂ ಅವನ ಮೊಬೈಲಿಗೂ ಇದ್ದ ವ್ಯತ್ಯಾಸ ವೇಗದ್ದಲ್ಲ, ಮುಕ್ತಾಯದ್ದು. ಬೋರ್ಡಿನಲ್ಲಿ ಪಣವಾಗಿದ್ದದ್ದು ಬರೀ ಅಂಕಗಳು. ನಿಜವಾಗಿ ಖರ್ಚಾಗುತ್ತಿದ್ದದ್ದು ನಿಮಿಷಗಳು. ಆ ನಿಮಿಷಗಳು ಇನ್ನೊಬ್ಬರ ಎಂಗೇಜ್ ಟೋನಿನಿಂದ ಬಂದಂಥವು. ಸಮಯ ಮುಗಿದಾಗ ಆಟವೇ ನಿಮ್ಮನ್ನು ಹೊರಗೆ ಕಳಿಸುತ್ತಿತ್ತು, ಗೆಲ್ಲುತ್ತಿದ್ದರೂ ಸರಿ, ಸೋಲುತ್ತಿದ್ದರೂ ಸರಿ. ಇದನ್ನು ಯಾರೂ ನೀತಿಗಾಗಿ ಮಾಡಿದ್ದಲ್ಲ. ಇದ್ದದ್ದು ಒಂದೇ ಲೈನು. ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು.

ನಮ್ಮ ನಾಡಿನಲ್ಲಿ ಈ ಚರ್ಚೆ ನಡೆದದ್ದು ಬೇರೆ ಮಾತಿನಲ್ಲಿ. ಆನ್‌ಲೈನ್ ಜೂಜನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ಇದು ಕೌಶಲವೋ, ಅದೃಷ್ಟವೋ? ಕಾನೂನಿಗೆ ಅದು ಬೇಕಾದ ಪ್ರಶ್ನೆ. ಆಟವನ್ನು ಕೃತಿಯಂತೆ ಓದುವ ವಿಮರ್ಶೆ ಇನ್ನೊಂದನ್ನೂ ಕೇಳಬೇಕು: ಈ ಕೃತಿಗೆ ಕೊನೆಯ ಪುಟ ಇದೆಯೇ? ಇದ್ದರೆ ಅದನ್ನು ಬರೆದವರು ಯಾರು? ಗೆಳೆಯ ಆಡಿದ ರಮ್ಮಿಯಲ್ಲಿ ಕೌಶಲವಿತ್ತು. ಅವನು ಜಾಣ ಕೂಡ. ಅಲ್ಲಿ ಇಲ್ಲದೇ ಇದ್ದದ್ದು ಕೊನೆಯ ಪುಟ.

ಪ್ರಬಂಧದ ಅಧ್ಯಾಯದಿಂದ ‘ನಿಧಾನದ ಸೌಂದರ್ಯ’ ಎಂಬ ಉಪಶೀರ್ಷಿಕೆಯನ್ನು ತೆಗೆದಿದ್ದೇನೆ. ಅದರ ಜಾಗಕ್ಕೆ ಏನು ಬರೆಯಬೇಕೆಂದು ಇನ್ನೂ ತೋಚಿಲ್ಲ. ಕೊನೆಯ ಸಲ ಆಡಿದ ರಾತ್ರಿ ಪ್ಲೇಯರ್ ಕೈಗೆ ಮೂರನೆಯ ಎಲೆ ಬರಬೇಕಿತ್ತು. ಮೇಲಿನ ಗೆರೆ ಮೂಡಿತು. ಅಷ್ಟರಲ್ಲಿ ನಿಮ್ಮ ಇವತ್ತಿನ ಸಮಯ ಮುಗಿಯಿತು ಎಂಬ ಸಾಲು ಬಂದು, ಸಂಪರ್ಕ ಕಡಿದುಹೋಯಿತು. ಆ ಎಲೆ ಯಾವುದೆಂದು ತಿಳಿಯಲೇ ಇಲ್ಲ. ಎದ್ದು ಪಕ್ಕದ ಕೋಣೆಯ ಬಾಗಿಲು ತಟ್ಟಿದೆ. ಇಬ್ಬರೂ ಚಹಾ ಕುಡಿಯಲು ಹೋದೆವು.