ಆಲ್‌ಫ್ರಿಸ್ಟನ್ ಪಾದ್ರಿಮನೆ: ಹೆಸರು ಮತ್ತು ರಚನೆ

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಆಲ್‌ಫ್ರಿಸ್ಟನ್ ಗ್ರಾಮದಲ್ಲಿ, ಸೇಂಟ್ ಆಂಡ್ರ್ಯೂ ಚರ್ಚಿನ ಸಮೀಪ ಇರುವ ಪಾದ್ರಿಮನೆಯು ಮಧ್ಯಯುಗದ ಉತ್ತರಾರ್ಧಕ್ಕೆ ಸೇರಿದ ಕಟ್ಟಡ. 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ 1896ರಲ್ಲಿ ಇದನ್ನು 10 ಪೌಂಡುಗಳಿಗೆ ಕೊಂಡಿತು. ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೆಂಬ ಈ ಪ್ರಸಿದ್ಧಿಯಲ್ಲಿ ಮನೆಯ ರಚನೆಯ ವಿವೇಚನೆ ಹಿಂದೆ ಸರಿದಿದೆ.

ಓಕ್ ಮರದ ಚೌಕಟ್ಟು, ಹುಲ್ಲಿನ ಛಾವಣಿಗಳಿಂದ ಕೂಡಿದ ಈ ಮನೆ 'ವೀಲ್ಡನ್' ಮಾದರಿಯದು. ನಡುವೆ ನೆಲದಿಂದ ಛಾವಣಿಯವರೆಗೆ ತೆರೆದ ಹಜಾರ, ಇಕ್ಕೆಲಗಳಲ್ಲಿ ಎರಡಂತಸ್ತಿನ ಕೋಣೆಗಳು ಈ ಮಾದರಿಯ ಲಕ್ಷಣ. ಹಜಾರದ ನಡುವಣ ಒಲೆಗೆ ಚಿಮಣಿ ಇರಲಿಲ್ಲ. ಹೊಗೆ ಮೇಲೇರಿ ಹೊರಹೋಗಬೇಕಾದ್ದರಿಂದ ಅಲ್ಲಿ ಮೇಲಂತಸ್ತು ಸಾಧ್ಯವಿರಲಿಲ್ಲ. ಪಕ್ಕದ ಕೋಣೆಗಳ ಮೇಲಂತಸ್ತು ಮುಂದಕ್ಕೆ ಚಾಚಿದ್ದರೂ ಇಡೀ ಮನೆಗೆ ಒಂದೇ ಛಾವಣಿ. ಆದ್ದರಿಂದ ನಡುಭಾಗದ ಗೋಡೆ ಒಳಸರಿದು, ಅದರ ಮುಂದಿನ ಸೂರನ್ನು ಬಾಗಿದ ಆಧಾರಮರಗಳು ಹೊರುತ್ತವೆ. ಮುಂಭಾಗದ ಸೊಬಗು ಅಲಂಕಾರದ ಫಲವಲ್ಲ, ಒಲೆ ಮತ್ತು ಛಾವಣಿಗಳ ಅಗತ್ಯದ ಫಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ: ಈ ರಚನೆಯಲ್ಲಿ ಪಾದ್ರಿಗೆ ವಿಶಿಷ್ಟವಾದುದು ಏನಿದೆ? ಕೆಂಟ್ ಮತ್ತು ಸಸೆಕ್ಸ್‌ಗಳ ಅನುಕೂಲಸ್ಥ ರೈತರು ಕಟ್ಟಿಸಿಕೊಳ್ಳುತ್ತಿದ್ದ ಮನೆಯ ವಿನ್ಯಾಸವೇ ಇದು. ಮಧ್ಯಯುಗದ ಗ್ರಾಮಪಾದ್ರಿ ಚರ್ಚಿನ ಭೂಮಿಯ ಹುಟ್ಟುವಳಿ ಮತ್ತು ಊರವರು ಸಲ್ಲಿಸುತ್ತಿದ್ದ ದಶಾಂಶಗಳಿಂದ ಬದುಕುತ್ತಿದ್ದನು. ಆತನ ಜೀವನ ಕೃಷಿಯೊಡನೆ ಹೆಣೆದುಕೊಂಡಿತ್ತು. ಹೀಗಾಗಿ ರೈತನ ಮನೆ ಆತನಿಗೂ ಒಗ್ಗಿತು. 'ಪಾದ್ರಿಮನೆ' ಎಂಬುದು ಒಡೆತನವನ್ನು ಸೂಚಿಸುವ ಹೆಸರೇ ಹೊರತು ವಾಸ್ತುಪ್ರಕಾರದ ಹೆಸರಲ್ಲ. ಹೆಸರನ್ನೇ ನಂಬಿ ಇದರಲ್ಲಿ ಧಾರ್ಮಿಕ ವಾಸ್ತುವಿನ ಲಕ್ಷಣಗಳನ್ನು ಹುಡುಕುವುದು ಅಧ್ಯಯನವನ್ನು ದಾರಿ ತಪ್ಪಿಸುತ್ತದೆ.

ಸಂರಕ್ಷಣೆಯ ಇತಿಹಾಸವೂ ಇದೇ ವಿವೇಕವನ್ನು ಕಲಿಸುತ್ತದೆ. ಜೀರ್ಣವಾಗಿದ್ದ ಈ ಮನೆಯ ದುರಸ್ತಿಯನ್ನು ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್ ನಿರ್ವಹಿಸಿದರು. ಅದರ ಹಿಂದೆ, ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘದ ಧೋರಣೆಯಿತ್ತು. ಕಲ್ಪಿತ ಮೂಲರೂಪವನ್ನು ಮರಳಿ ಕಟ್ಟುವುದಲ್ಲ, ಉಳಿದುದನ್ನು ನಿಲ್ಲಿಸುವುದು ಮುಖ್ಯವೆಂಬುದೇ ಆ ಧೋರಣೆ. ಆದರೆ ಯಾವ ದುರಸ್ತಿಯೂ ಪೂರ್ಣ ನಿರ್ಲಿಪ್ತವಲ್ಲ. ಇಂದು ತೆರೆದ ಹಜಾರದಲ್ಲಿ ನಿಲ್ಲುವವರು ಮಧ್ಯಯುಗವನ್ನು ನೋಡುವಾಗಲೇ, ಅದರಲ್ಲಿ ಏನನ್ನು ಉಳಿಸಬೇಕೆಂದು 19ನೆಯ ಶತಮಾನದ ಕೊನೆಯವರು ಮಾಡಿದ ಆಯ್ಕೆಯನ್ನೂ ನೋಡುತ್ತಾರೆ.

ಅರಮನೆ, ಮಹಾದೇವಾಲಯಗಳಷ್ಟೇ ಸ್ಮಾರಕಗಳೆಂಬ ಗ್ರಹಿಕೆಯನ್ನು ಸಡಿಲಿಸಿದ್ದು ಈ ಸಾಮಾನ್ಯ ವಾಸಗೃಹದ ಹೆಗ್ಗಳಿಕೆ. ಹತ್ತು ಪೌಂಡಿನ ಕಥೆಗಿಂತ ಇದು ಹೆಚ್ಚು ನೆನಪಿಡತಕ್ಕ ಸಂಗತಿ.