ತಪ್ಪು ಕಾಲೇಜಿನದು, ಅರ್ಜಿ ವಿದ್ಯಾರ್ಥಿಯದು

ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಓದುವವರ ಹಣೆಬರಹವೆಲ್ಲ ಸೆವಿಸ್ ಎಂಬ ಸರ್ಕಾರಿ ದಾಖಲೆಯಲ್ಲಿದೆ. 2003ರಲ್ಲಿ ಕಡ್ಡಾಯವಾದ ಈ ದಾಖಲೆಯನ್ನು ತುಂಬುವವರು ಹೆಚ್ಚಾಗಿ ಕಾಲೇಜಿನ ಸಂಬಳದಲ್ಲಿರುವ ಡಿಎಸ್‌ಒ ಎಂಬ ಅಧಿಕಾರಿಗಳು. ಪ್ರತಿ ಸೆಮಿಸ್ಟರಿನ ನೋಂದಣಿಯನ್ನು ಗಡುವಿನೊಳಗೆ ದಾಖಲಿಸಲು ಅವರು ಮರೆಯಬಹುದು, ಐ-20 ಎಂಬ ಅರ್ಹತಾ ಪತ್ರದ ಅವಧಿಯನ್ನು ವಿಸ್ತರಿಸದೆ ಬಿಡಬಹುದು, ಕಡಿಮೆ ಕ್ರೆಡಿಟ್ ತೆಗೆದುಕೋ ಎಂದು ತಾವೇ ಹೇಳಿ ಅನುಮತಿಯನ್ನು ದಾಖಲಿಸದಿರಬಹುದು. ಸ್ಟೇಟಸ್, ಅಂದರೆ ಅಲ್ಲಿ ಕಾನೂನುಬದ್ಧವಾಗಿದ್ದು ಓದುವ ಹಕ್ಕನ್ನು, ಕಳೆದುಕೊಳ್ಳುವವರು ಮಾತ್ರ ವಿದ್ಯಾರ್ಥಿಗಳು. 2023-24ರಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು 3,31,602. ಬೇರೆ ಯಾವ ದೇಶದವರೂ ಅಷ್ಟಿರಲಿಲ್ಲ.

ಪರಿಹಾರವಿಲ್ಲವೆಂದಲ್ಲ. ಬರೀ ದಾಖಲೆಯ ಎಡವಟ್ಟಾದರೆ ಕಾಲೇಜೇ ಸೆವಿಸ್‌ನಲ್ಲಿ ತಿದ್ದುಪಡಿ ಕೋರಬಹುದು. ಮೊದಲು ಕೇಳಬೇಕಾದದ್ದು ಇದನ್ನೇ. ಅದು ಆಗದಿದ್ದರೆ ಐ-539 ನಮೂನೆಯಲ್ಲಿ ಸ್ಟೇಟಸ್ ಮರಳಿ ಕೊಡಿ ಎಂದು ಅರ್ಜಿ ಹಾಕಬೇಕು. ಡಿಎಸ್‌ಒ ಅಲಕ್ಷ್ಯ ವಿದ್ಯಾರ್ಥಿಯ ಕೈಮೀರಿದ ಕಾರಣ ಎಂದು ನಿಯಮವೇ ಹೆಸರಿಸಿ ಒಪ್ಪಿದೆ.

ಕಾಗದದ ಮೇಲೆ ಇದು ಉದಾರ ನಿಯಮ. ಆದರೆ ಅರ್ಜಿಗೆ ಡಿಎಸ್‌ಒ ಶಿಫಾರಸು ಬೇಕು! ತಪ್ಪು ಮಾಡಿದವರೇ ಅದನ್ನು ಬರೆದುಕೊಟ್ಟರಷ್ಟೇ ಕೆಲಸ ಸಲೀಸು. ಮೊಕದ್ದಮೆಗೆ ಹೆದರುವ ಆಡಳಿತ ಹಾಗೆ ಬರೆದುಕೊಡಲು ಸುಲಭಕ್ಕೆ ಬಿಡುವುದಿಲ್ಲ. ಸ್ಟೇಟಸ್ ಹೋದ ಐದು ತಿಂಗಳೊಳಗೆ ಅರ್ಜಿ ಹೋಗಬೇಕು. ತಡವಾದರೆ ಅಸಾಧಾರಣ ಕಾರಣ ತೋರಿಸಬೇಕು. ತೀರ್ಪು ಬರುವವರೆಗೆ ಓದು ನಿಲ್ಲಿಸುವಂತಿಲ್ಲ, ಕೆಲಸ ಮಾಡುವಂತಿಲ್ಲ. ಕ್ಯಾಂಪಸ್ ಕೆಲಸದಿಂದ ಬಾಡಿಗೆ ಕಟ್ಟುತ್ತಿದ್ದವರು ಅಷ್ಟು ದಿನ ಹೇಗೆ ಬದುಕಬೇಕು ಎಂಬುದು ನಿಯಮಕ್ಕೆ ಸಂಬಂಧಿಸಿದ್ದಲ್ಲ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಯೂ ಇಲ್ಲ. ದೇಶ ಬಿಟ್ಟು ಹೋಗಿ ಹೊಸ ಐ-20ಯೊಂದಿಗೆ ಮರಳುವ ದಾರಿಯೊಂದಿದೆ. ಅದಕ್ಕೆ ಮತ್ತೆ ಸೆವಿಸ್ ಶುಲ್ಕ ಕಟ್ಟಬೇಕು. ಒಪಿಟಿ ಎಂಬ, ಓದಿಗೆ ಸಂಬಂಧಿಸಿದ ಕೆಲಸದ ಅನುಮತಿಯ ಅರ್ಹತೆಗೆ ಬೇಕಾದ ಒಂದು ಶೈಕ್ಷಣಿಕ ವರ್ಷದ ಲೆಕ್ಕವೂ ಮೊದಲಿನಿಂದ ಶುರುವಾಗುತ್ತದೆ.

ಕಾಲೇಜಿನ ಮೇಲೆ ಕರಾರು ಭಂಗ, ನಿರ್ಲಕ್ಷ್ಯದ ದಾವೆ ಹೂಡಬಹುದು. ಗೆದ್ದರೆ ಸಿಗುವುದು ಹಣ, ಸ್ಟೇಟಸ್ ಅಲ್ಲ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯವಾದರೆ ಸರ್ಕಾರದ ಮೇಲಿನ ದಾವೆಗಳನ್ನು ತಡೆಯುವ ಸಾರ್ವಭೌಮ ರಕ್ಷಣೆಯ ಗೋಡೆಯೂ ಅಡ್ಡ ಬರುತ್ತದೆ.

ತಪ್ಪು ಸರ್ಕಾರದ್ದಾದಾಗ ಕಥೆಯೇ ಬೇರೆ. ದಾಖಲೆ ರದ್ದಾದವರು ಮೊದಲು ಸ್ಟೇಟಸ್ ಮರಳಿ ಕೇಳುವ ಅರ್ಜಿಯ ಬಾಗಿಲು ತಟ್ಟಬೇಕಿಲ್ಲ, ನೇರ ನ್ಯಾಯಾಲಯಕ್ಕೆ ಬರಬಹುದು ಎಂದು ಫಿಲಡೆಲ್ಫಿಯಾದ ಮೂರನೇ ಸರ್ಕಿಟ್ ನ್ಯಾಯಾಲಯ 2019ರಲ್ಲಿ ಹೇಳಿತು. 2025ರ ವಸಂತದಲ್ಲಿ ಸರ್ಕಾರ ಸಾವಿರಾರು ದಾಖಲೆಗಳನ್ನು ದಿಢೀರನೆ ರದ್ದುಗೊಳಿಸಿದಾಗ, ಹಲವು ನ್ಯಾಯಾಧೀಶರು ಕೆಲವೇ ದಿನಗಳಲ್ಲಿ ತಡೆಯಾಜ್ಞೆ ಕೊಟ್ಟರು. ಏಪ್ರಿಲ್ ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು. ಬಲಾಢ್ಯ ಸರ್ಕಾರದ ತಪ್ಪಿಗಿಂತ ಕಾಲೇಜಿನ ಒಬ್ಬ ಗುಮಾಸ್ತರ ಮರೆವಿಗೆ ಪರಿಹಾರ ಪಡೆಯುವುದು ಕಷ್ಟವೆನ್ನುವುದು ವಿಚಿತ್ರ. ತನ್ನ ಲೋಪವನ್ನು ಇಂತಿಷ್ಟು ದಿನದೊಳಗೆ ಬರೆದುಕೊಡುವ ಹೊಣೆಯನ್ನು ನಿಯಮ ಕಾಲೇಜಿನ ಮೇಲೆ ಹೊರಿಸಬೇಕಿತ್ತು.

ಮಕ್ಕಳನ್ನು ಅಲ್ಲಿಗೆ ಕಳಿಸಿರುವವರು ಎರಡು ಮಾತು ನೆನಪಿಡಿ: ಡಿಎಸ್‌ಒ ಬಾಯಲ್ಲಿ ಹೇಳಿದ್ದನ್ನೆಲ್ಲ ಅಂದೇ ಇಮೇಲಿನಲ್ಲಿ ಬರೆಸಿಕೊಳ್ಳಲಿ, ತೊಂದರೆಯಾದರೆ ಹೊರಗಿನ ವಲಸೆ ವಕೀಲರನ್ನು ಕಾಣಲಿ. ವಿಶ್ವವಿದ್ಯಾಲಯದ ವಕೀಲರ ಕಕ್ಷಿದಾರ ವಿಶ್ವವಿದ್ಯಾಲಯ, ವಿದ್ಯಾರ್ಥಿಯಲ್ಲ.